ನೆನೆಸಿ ಕಟ್ಟಿದ ಹಗ್ಗ

ಕೋಡಿ, ಕುಂದಾಪುರ
16 ಜೂನ್ 2024

ಚಿ. ರಮಿತಾಳಿಗೆ ಅಪ್ಪಯ್ಯನ ಆಶೀರ್ವಾದ.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ, ಆದ್ದರಿಂದ ಬರೆದಿದ್ದೇನೆ. ನಾನು ಕೊನೆಯ ಸಲ ಕಾಗದ ಬರೆದದ್ದು ಮುಂಬೈಯಲ್ಲಿದ್ದ ನಿನ್ನ ದೊಡ್ಡಪ್ಪನಿಗೆ, ನನ್ನ ಮದುವೆಗೂ ಮೊದಲು. ಅಂಚೆ ಕಚೇರಿಯಲ್ಲಿ ಲಕೋಟೆ ಕೇಳಿದರೆ ಅಲ್ಲಿದ್ದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತಕ್ಕೆ?" ಎಂದಳು. ಕಾಗದ ಹಾಕುವುದಕ್ಕೆ ಎಂದೆ. ಅವಳಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಯಾಕೆ ಕಾಗದ ಎಂದು ನಿನಗೆ ಗೊತ್ತುಂಟು. ಹಾಸ್ಟೆಲಿನವರು ಭಾನುವಾರ ಹತ್ತು ನಿಮಿಷ ಫೋನ್ ಕೊಡುತ್ತಾರೆ. ಅದರಲ್ಲಿ ಒಂಬತ್ತು ನಿಮಿಷ ಅಮ್ಮನಿಗೆ, ಒಂದು ನಿಮಿಷ ತಮ್ಮನಿಗೆ. ಫೋನು ನನ್ನ ಕೈಗೆ ಬರುವಾಗ ನಿಮ್ಮಲ್ಲಿ ಗಂಟೆ ಹೊಡೆಯುತ್ತದೆ. ಮೂರು ವಾರವೂ ಸರಿಯಾಗಿ ಆ ಹೊತ್ತಿಗೇ ಹೊಡೆಯಿತು. ಬ್ರಹ್ಮಾವರ ಇಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಬಂದು ನೋಡಬಹುದಿತ್ತು. ಬರಲಿಲ್ಲ.

ಬೋಟುಗಳೆಲ್ಲ ದಡ ಹತ್ತಿವೆ. ಎರಡು ತಿಂಗಳು ಕಡಲಿಗೆ ರಜೆ. ನನ್ನ ಬೆನ್ನು ಹೋದ ಮೇಲೆ ನನಗೆ ಕಡಲು ವರ್ಷವಿಡೀ ರಜೆಯೇ, ಆದರೆ ಜೂನ್ ಬಂದರೆ ಹರಿದ ಬಲೆಗಳೆಲ್ಲ ಶೆಡ್ಡಿಗೆ ಬಂದು ಬೀಳುತ್ತವೆ. ಬೆಳಿಗ್ಗೆ ಕೂತರೆ ಸಂಜೆ ಏಳುವುದು. ಕೈ ತಾನಾಗಿ ಕೆಲಸ ಮಾಡುತ್ತದೆ, ತಲೆ ಖಾಲಿ ಇರುತ್ತದೆ. ಈಗೀಗ ಅದೇ ಚೆನ್ನಾಗಿದೆ ಅನಿಸುತ್ತದೆ.

ಉಮಾವತಿ ಟೀಚರ್ ಮೊನ್ನೆ ಮಳೆಯಲ್ಲೇ ಶೆಡ್ಡಿಗೆ ಬಂದಿದ್ದರು. ಈ ವರ್ಷವೂ ಗೈಡ್ಸ್ ಮಕ್ಕಳ ಜೊತೆಗೆ ಪೋಷಕರ ಕಡೆಯಿಂದ ನಾನೇ ಇರಬೇಕಂತೆ. "ಗುಡ್ಡಣ್ಣ, ನೀವಿದ್ರ್ ಮಾತ್ರ ಮಕ್ಳನ್ನ ಕಳ್ಸುದ್ ಅಂತ್ರ್ ತಾಯಂದಿರೆಲ್ಲ," ಎಂದರು. ಟೆಂಟಿನ ಗೂಟ ಹೊಡೆಯಲು, ಹಗ್ಗದ ಗಂಟು ಕಲಿಸಲು, ಐವತ್ತು ಜನರ ಗಂಜಿ ಬೇಯಿಸಲು, ಬಸ್ಸಿನಲ್ಲಿ ವಾಂತಿ ಮಾಡುವವರ ಬೆನ್ನು ನೀವಲು ನನ್ನಂಥವನು ಇನ್ನೊಬ್ಬನಿಲ್ಲವಂತೆ. ಶಿರೂರಿನ ಕ್ಯಾಂಪಿನಲ್ಲಿ ಬಿದಿರಿನ ಅಟ್ಟದಿಂದ ಬಿದ್ದ ನವ್ಯಶ್ರೀಯನ್ನು ನಾನು ಎತ್ತಿಕೊಂಡು ಗುಡ್ಡ ಇಳಿದ ಕಥೆಯನ್ನು ನನಗೇ ಇನ್ನೊಮ್ಮೆ ಹೇಳಿದರು. ಮೊದಲು ಅರ್ಧ ಮೈಲಿ ಇದ್ದ ದಾರಿ ಈಗ ಜನರ ಬಾಯಲ್ಲಿ ಎರಡು ಮೈಲಿ ಆಗಿದೆ.

ನವ್ಯಶ್ರೀ ಶಾಲೆಗೆ ಹೋಗುತ್ತಿದ್ದಾಳೆ. ತೊಡೆಯೊಳಗೆ ರಾಡು ಉಂಟು, ಒಂದು ಕೈಯಲ್ಲಿ ಕೋಲು. ಆ ಕಾಲು ಸ್ವಲ್ಪ ಗಿಡ್ಡ ಆಗಿದೆ ಎನ್ನುತ್ತಾರೆ, ನನಗೆ ನೋಡಿದರೆ ಗೊತ್ತಾಗುವುದಿಲ್ಲ. ಅಥವಾ ನಾನು ಸರಿಯಾಗಿ ನೋಡುವುದಿಲ್ಲ. ಅವಳ ತಾಯಿ ಸರಸಕ್ಕ ಮೀನು ಮಾರುವಲ್ಲಿ ನನ್ನನ್ನು ಕಂಡರೆ ಬುಟ್ಟಿಯ ಅಡಿಯಿಂದ ಒಳ್ಳೆಯ ಬಂಗುಡೆ ಹುಡುಕಿ ಕೊಡುತ್ತಾಳೆ. ನಿನ್ನ ಹೆಸರು ಎತ್ತುವುದಿಲ್ಲ.

ಟೀಚರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಹೋಗಲೋ ಬೇಡವೋ, ನೀನು ಬರೆ.

ಇಂತು ನಿನ್ನ ಅಪ್ಪಯ್ಯ
ಗುಡ್ಡ


ಬ್ರಹ್ಮಾವರ
7 ಜುಲೈ 2024

ಅಪ್ಪಯ್ಯನಿಗೆ,

ಕಾಗದ ಬಂತು. ಇಲ್ಲಿ ಕಾಗದಗಳನ್ನು ಒಡೆದು ಓದುವುದಿಲ್ಲ, ವಾರ್ಡನ್ ಹತ್ತಿರ ಕೇಳಿ ತಿಳಿದುಕೊಂಡೆ. ಆದ್ದರಿಂದ ಬರೆಯುತ್ತಿದ್ದೇನೆ.

ಶಿರೂರಿನ ಕ್ಯಾಂಪಿನಲ್ಲಿ ಕಾವಲು ಅಟ್ಟ ಕಟ್ಟಿದ್ದು ಕಮಲ ತಂಡದ ನಾವು ಎಂಟು ಜನ. ನಾನು ತಂಡದ ನಾಯಕಿ. ಅದು ಡಿಸೆಂಬರ್ ಹದಿನೈದು, ಶುಕ್ರವಾರ ಸಂಜೆ. ಮಾರನೆಯ ಬೆಳಿಗ್ಗೆ ನನ್ನನ್ನು ಬಿಟ್ಟು ಎಲ್ಲರೂ ಮುಖ ತೊಳೆಯಲು ತೋಡಿಗೆ ಹೋಗಿದ್ದಾಗ ನೀವು ಬಂದಿರಿ. ಬಿದಿರಿನ ಮೂಲೆ ಹಿಡಿದು ಅಲ್ಲಾಡಿಸಿ, "ಇದ್ ಕಟ್ಟಾ? ಕೋಳಿ ಕಾಲಿಗ್ ಕಟ್ಟುಕೂ ಆತಿಲ್ಲ," ಅಂದಿರಿ. ನಾಲ್ಕೂ ಮೂಲೆಯ ಕಟ್ಟು ಬಿಚ್ಚಿದಿರಿ. ನಾರಿನ ಹಗ್ಗವನ್ನು ಬಕೆಟಿನ ನೀರಿನಲ್ಲಿ ನೆನೆಸಿದಿರಿ. ನಾನು ತುದಿ ಹಿಡಿದೆ, ನೀವು ಸುತ್ತಿ ಬಿಗಿದಿರಿ. ಕ್ಯಾಂಪಿನ ನಿಯಮದಲ್ಲಿ ಕಟ್ಟುವುದು ಮಕ್ಕಳು ಮಾತ್ರ. ಅದಕ್ಕೆ, "ಟೀಚರಿಗ್ ಹೇಳ್ಬೇಡ, ದೊಡ್ಡವ್ರ್ ಕೈ ಹಾಕಿರ್ ಅಂದ್ಹೇಳಿ ಮಾರ್ಕ್ ಕಡ್ಮಿ ಮಾಡ್ತ್ರ್," ಅಂದಿರಿ. ಇಬ್ಬರೂ ನಗಾಡಿದೆವು.

ಮಧ್ಯಾಹ್ನ ಮೂರು ಗಂಟೆಗೆ ಬಾವುಟ ಕಟ್ಟಲು ನವ್ಯ ಮೇಲೆ ಹತ್ತಿದಳು. ಮೂಲೆಯ ಕಟ್ಟು ಜಾರಿತು.

ಸೋಮವಾರ ಶಾಲೆಯ ಮೀಟಿಂಗಿನಲ್ಲಿ ಆ ಕಟ್ಟು ಯಾರದ್ದು ಎಂದು ಕೇಳಿದರು. ನೀವು ಹಿಂದೆ ಬಾಗಿಲ ಹತ್ತಿರ ನಿಂತಿದ್ದಿರಿ. ನಾನೇ ಕಟ್ಟಿದ್ದು ಅಂದೆ. ನನ್ನ ಜೇಬಿನ ಮೇಲಿದ್ದ ನಾಯಕಿಯ ಎರಡು ಬಿಳಿ ಪಟ್ಟಿಗಳನ್ನು ಉಮಾವತಿ ಟೀಚರ್ ಕತ್ತರಿಯಿಂದ ಬಿಚ್ಚಿದರು. ನವ್ಯನ ಅಮ್ಮ ಎಲ್ಲರ ಎದುರು, "ನಿನ್ ಕೈ ಮುರ್ದ್ ಹೋಯ್ಲಿ," ಅಂದರು. ನೀವು ಏನೂ ಅನ್ನಲಿಲ್ಲ.

ನಿಮಗೆ ಗೊತ್ತಿಲ್ಲ ಎಂದು ಬರೆದದ್ದಲ್ಲ. ನಿಮ್ಮ ಕಾಗದದಲ್ಲಿ ಇದು ಇರಲಿಲ್ಲ, ಅದಕ್ಕೆ ಬರೆದೆ.

ಹೋಗಲೋ ಬೇಡವೋ ಎಂದು ನನ್ನನ್ನು ಕೇಳಬೇಡಿ. ಇಲ್ಲಿ ಊಟ ಪರವಾಗಿಲ್ಲ. ಶನಿವಾರ ಪಲಾವ್ ಕೊಡುತ್ತಾರೆ. ನಮ್ಮ ಶಾಲೆಯಲ್ಲಿ ಒಂಬತ್ತನೆಯ ಕ್ಲಾಸು ಮಹಡಿಯ ಮೇಲೆ ಅಲ್ಲವಾ, ನವ್ಯ ಮೆಟ್ಟಿಲು ಹೇಗೆ ಹತ್ತುತ್ತಾಳೆ? ನೋಡಿ ಬರೆಯಿರಿ.

ರಮಿತಾ


ಕೋಡಿ
28 ಜುಲೈ 2024

ಚಿ. ರಮಿತಾಳಿಗೆ,

ನೋಡಿ ಬಂದೆ. ಹತ್ತೊಂಬತ್ತು ಮೆಟ್ಟಿಲು. ಎಡಗೈ ಕಟ್ಟೆಯ ಮೇಲೆ, ಬಲಗೈಯಲ್ಲಿ ಕೋಲು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಒಟ್ಟು ಮಾಡಿಕೊಂಡು ಮೇಲೆ ಹೋಗುತ್ತಾಳೆ. ಚೀಲವನ್ನು ಬೇರೆ ಮಕ್ಕಳು ಹೊರುತ್ತಾರೆ. ಹನ್ನೊಂದನೆಯ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡಿದವಳು ನನ್ನನ್ನು ಕಂಡು ಗೈಡ್ಸ್ ಸೆಲ್ಯೂಟ್ ಹೊಡೆದಳು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊಡೆದಳು. ನಾನೂ ವಾಪಸು ಹೊಡೆದೆ.

ನೀನು ಬರೆದದ್ದೆಲ್ಲ ಸರಿ. ಒಂದು ಅಕ್ಷರವೂ ಹೆಚ್ಚಿಲ್ಲ.

ಇನ್ನೊಂದು ವಿಷಯ ಈಗ ನನಗೆ ಗೊತ್ತಾಗಿದೆ. ಕಟ್ಟು ಜಾರಿದ್ದು ಹೇಗೆ ಎಂದು ಏಳು ತಿಂಗಳು ನನಗೆ ತಿಳಿದಿರಲಿಲ್ಲ. ಇಪ್ಪತ್ತೆರಡು ವರ್ಷ ಬೋಟಿನಲ್ಲಿ ಹಗ್ಗ ಕಟ್ಟಿದವನು ನಾನು, ನನ್ನ ಕಟ್ಟು ಯಾವತ್ತೂ ಜಾರಿದ್ದಿಲ್ಲ. ಬಿದಿರೇ ಬಿರಿದಿರಬೇಕು, ಮಕ್ಕಳು ಯಾರೋ ತುದಿ ಎಳೆದಿರಬೇಕು ಎಂದೆಲ್ಲ ನನಗೆ ನಾನೇ ಹೇಳಿಕೊಂಡಿದ್ದೆ. ನಿನ್ನ ಕಾಗದ ಬಂದ ಮೇಲೆ ಒಂದು ದಿನ ನಾರಿನ ಹಗ್ಗ ತಂದು ಬಕೆಟಿನಲ್ಲಿ ನೆನೆಸಿ, ಶೆಡ್ಡಿನಲ್ಲಿ ಎರಡು ಬಿದಿರಿಗೆ ಅವತ್ತಿನ ಹಾಗೆಯೇ ಕಟ್ಟಿದೆ. ಹೊರಗೆ ಮಳೆ, ಬಿಸಿಲು ಎಲ್ಲಿಂದ ಬರಬೇಕು? ಅಡುಗೆ ಮನೆಯ ಒಲೆಯ ಮೇಲ್ಗಡೆ ನೇತು ಹಾಕಿದೆ. ನಿನ್ನ ಅಮ್ಮ, "ಒಣ್ ಮೀನ್ ಇಲ್ಲ ಅಂದ್ಹೇಳಿ ಹಗ್ಗ ಒಣ್ಸ್ತಾ ಇದ್ರಿಯಾ?" ಎಂದಳು. ಸಂಜೆ ಹೊತ್ತಿಗೆ ಹಗ್ಗ ಒಣಗಿತು. ಬೆರಳು ಹಾಕಿದೆ. ಎರಡು ಬೆರಳು ಸಲೀಸಾಗಿ ಒಳಗೆ ಹೋಯಿತು.

ನೀರು ಕುಡಿದ ಹಗ್ಗ ಉಬ್ಬಿ ಗಿಡ್ಡ ಆಗುತ್ತದೆ, ಒಣಗಿದರೆ ಸಡಿಲ ಬೀಳುತ್ತದೆ. ಬೋಟಿನಲ್ಲಿ ಹಗ್ಗ ಒಣಗುವುದೇ ಇಲ್ಲ. ನನ್ನ ಅಪ್ಪ ನೆನೆಸಿ ಕಟ್ಟುತ್ತಿದ್ದರು, ನಾನೂ ನೆನೆಸಿ ಕಟ್ಟಿದೆ. ಶಿರೂರಿನ ಗುಡ್ಡದ ಮೇಲೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ ಎಂದು ನನ್ನ ಕೈಗೆ ಗೊತ್ತಾಗಲಿಲ್ಲ. ನಿಮ್ಮ ಎಂಟು ಜನರ ಕೋಳಿಕಾಲಿನ ಕಟ್ಟು ಒಣ ಹಗ್ಗದ್ದು. ನಾನು ಮುಟ್ಟದೆ ಇದ್ದಿದ್ದರೆ ಅದು ಉಳಿಯುತ್ತಿತ್ತು.

ಮೀಟಿಂಗಿನ ದಿನ ನಾನು ನಿಂತಿದ್ದ ಬಾಗಿಲ ಮೇಲೆ "ಮಾತು ಬೆಳ್ಳಿ, ಮೌನ ಬಂಗಾರ" ಎಂದು ಪೇಂಟಿನಲ್ಲಿ ಬರೆದಿದೆ, ನಿನಗೆ ನೆನಪಿರಬಹುದು. ಅದನ್ನು ಓದುತ್ತಾ ನಿಂತೆ. ಆ ಮಗುವಿನ ಆಪರೇಶನ್ ಮುಗಿಯಲಿ, ಆಮೇಲೆ ಹೇಳುವಾ ಎಂದುಕೊಂಡೆ. ಮುಗಿಯಿತು. ಮನೆಗೆ ಬರಲಿ ಎಂದುಕೊಂಡೆ. ಬಂದಳು. ನಡೆಯಲಿ ಎಂದುಕೊಂಡೆ. ನಡೆದಳು. ಅಷ್ಟರಲ್ಲಿ ನೀನು ಪೆಟ್ಟಿಗೆ ಕಟ್ಟಿ ಹೋದೆ. ನನಗೆ ಅಳುವೂ ಬರಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದರೆ ಕೈಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಇದ್ದೇನೆ. ಚಿವುಟಿದರೆ ನನ್ನ ಕೈ ಎಂದೇ ಅನಿಸುವುದಿಲ್ಲ.

ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ನನಗೆ ಶಾಲು ಹೊದೆಸುತ್ತಾರಂತೆ, ಆ ಮಗುವನ್ನು ಎತ್ತಿಕೊಂಡು ಓಡಿದ್ದಕ್ಕೆ. ಮೈಕು ಕೊಡುತ್ತಾರೆ. ಅವತ್ತು ಎಲ್ಲರ ಎದುರು ಹೇಳುತ್ತೇನೆ. ಇದು ಬರೆದು ಕೊಟ್ಟ ಮಾತು.

ನಿನ್ನ ಅಪ್ಪಯ್ಯ


ಕೋಡಿ
18 ಆಗಸ್ಟ್ 2024

ಚಿ. ರಮಿತಾಳಿಗೆ,

ಹೇಳಲಿಲ್ಲ.

ಶಾಲು ನೀಲಿ ಬಣ್ಣದ್ದು, ಜರಿ ಅಂಚು. ಸರಸಕ್ಕ ಎದುರಿನ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ನವ್ಯ, ಕೋಲು ಕುರ್ಚಿಗೆ ಒರಗಿಸಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಶಾಲು ಹೊದೆಸಿದ ಹೆಗಲನ್ನು ನಾಲ್ಕು ಸಲ ಮುಟ್ಟಿ ನೋಡಿಕೊಂಡೆ. ಶೆಡ್ಡಿನಲ್ಲಿ ಹದಿನೈದು ದಿನ ಬಲೆಗಳ ಎದುರು ಮಾತು ಅಭ್ಯಾಸ ಮಾಡಿದ್ದೆ. ಮೈಕು ಕೈಗೆ ಬಂತು. "ಎಲ್ಲರಿಗೂ ವಂದನೆ," ಎಂದೆ. ನನ್ನದೇ ಸ್ವರ ಆ ದೊಡ್ಡ ಡಬ್ಬಿಯಿಂದ ತಿರುಗಿ ಬಂತು. ಮೈಕು ವಾಪಸು ಕೊಟ್ಟು ಕೂತೆ. ಗುಡ್ಡಣ್ಣನಿಗೆ ದೊಡ್ಡಸ್ತಿಕೆ ಇಲ್ಲ ಎಂದು ಮುಖ್ಯ ಅತಿಥಿಗಳು ಹೊಗಳಿದರು. ಚಪ್ಪಾಳೆ ಬಿತ್ತು.

ನವ್ಯಳಿಗೆ ಈಗ ಓಡಲು ಆಗುವುದಿಲ್ಲ ಎಂದು ಟೀಚರ್ ಅವಳಿಗೆ ಗಂಟು ಕಲಿಸುವ ಕೆಲಸ ಕೊಟ್ಟಿದ್ದಾರೆ. ಶನಿವಾರ ಅಭ್ಯಾಸದ ಹೊತ್ತಿಗೆ ಕುರ್ಚಿಯಲ್ಲಿ ಕೂತು ಸಣ್ಣ ಮಕ್ಕಳಿಗೆ ಹೇಳಿಕೊಡುತ್ತಾಳೆ. ನಾನೂ ಹೋಗುತ್ತೇನೆ ಎಂದು ಟೀಚರಿಗೆ ಒಪ್ಪಿಕೊಂಡೆ. ಬೇಡ ಎನ್ನಲು ಕಾರಣ ಹೇಳಬೇಕಲ್ಲ.

ಶಾಲನ್ನು ಅಮ್ಮ ಕಪಾಟಿನಲ್ಲಿ ಇಟ್ಟಿದ್ದಾಳೆ. ನೀನು ಬೈದು ಬರೆದರೂ ಸರಿ. ಬರೆ.

ಅಪ್ಪಯ್ಯ


ಬ್ರಹ್ಮಾವರ
8 ಸೆಪ್ಟೆಂಬರ್ 2024

ಅಪ್ಪಯ್ಯನಿಗೆ,

ಬೈಯುವುದಕ್ಕೆ ಬರುವುದಿಲ್ಲ. ಎರಡು ಸಲ ಕೂತು ನೋಡಿದೆ.

ಇಲ್ಲಿಯೂ ಗೈಡ್ಸ್ ಶುರು ಮಾಡಿದ್ದಾರೆ. ಯಾರಿಗೆ ಗಂಟು ಹಾಕಲು ಬರುತ್ತದೆ ಎಂದು ಕೇಳಿದರು. ನಾನು ಕೈ ಎತ್ತಲಿಲ್ಲ. ನನ್ನ ರೂಮಿನವಳು ಬಕೆಟಿಗೆ ಹಗ್ಗ ಕಟ್ಟಲು ಕೇಳಿದಳು, ಬರುವುದಿಲ್ಲ ಅಂದೆ. ಅವಳೇ ಏನೋ ಸುತ್ತಿದಳು, ಬಕೆಟು ಬಾವಿಗೆ ಬಿತ್ತು. ಎಲ್ಲರೂ ನಗಾಡಿದರು. ನಾನೂ ನಗಾಡಿದೆ.

ಚೌತಿಗೆ ಬರಲಿಲ್ಲ ಎಂದು ಅಮ್ಮ ಫೋನಿನಲ್ಲಿ ಅತ್ತರು. ಓದುವುದು ಬಹಳ ಇದೆ ಎಂದು ಹೇಳಿದ್ದೇನೆ. ನೀವೂ ಹಾಗೆಯೇ ಹೇಳಿ.

ಇನ್ನು ಸ್ವಲ್ಪ ದಿನ ಕಾಗದ ಬೇಡ.

ರಮಿತಾ


ಕೋಡಿ
23 ನವೆಂಬರ್ 2024

ಚಿ. ರಮಿತಾಳಿಗೆ,

ಬೇಡ ಅಂದಿದ್ದೆ. ಎರಡು ಬರೆದು ಹರಿದೆ. ಇದನ್ನು ಹರಿಯುವುದಿಲ್ಲ. ಈಗಷ್ಟೇ ಶಾಲೆಯಿಂದ ಬಂದು ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ.

ಮುಂದಿನ ತಿಂಗಳು ಶಂಕರನಾರಾಯಣದಲ್ಲಿ ಕ್ಯಾಂಪು. ಇವತ್ತು ಮೈದಾನದಲ್ಲಿ ಬಿದಿರು ಕಟ್ಟುವ ಅಭ್ಯಾಸ ಇತ್ತು, ಇಪ್ಪತ್ತೆರಡು ಮಕ್ಕಳು. ನಾನು ಬಿದಿರು ಅಳತೆ ಮಾಡಿ ಕಡಿದು ಕೊಡುತ್ತಿದ್ದೆ. ಆರನೆಯ ಕ್ಲಾಸಿನ ಒಂದು ಹುಡುಗಿ ಹಗ್ಗದ ಸುರುಳಿ ಹಿಡಿದುಕೊಂಡು ನಲ್ಲಿಯ ಕಡೆ ಓಡಿದಳು. ನಲ್ಲಿ ಬಿಟ್ಟು ಹಗ್ಗವನ್ನು ಚೆನ್ನಾಗಿ ನೆನೆಸಿ, ನೀರು ಸುರಿಸಿಕೊಂಡು ವಾಪಸು ಬಂದಳು.

"ಎಂತಕ್ಕೆ ನೆನ್ಸಿದ್ದ್?" ಎಂದು ಕೇಳಿದೆ.

"ನೆನ್ಸಿ ಕಟ್ರ್ ಗಟ್ಟಿ ಆತ್ತಂಬ್ರ್ ಸರ್. ಗುಡ್ಡ ಸರ್ ಹಾಂಗೇ ಕಟ್ಟುದ್ ಅಂದ್ಹೇಳಿ ನವ್ಯಕ್ಕ ಹೇಳಿಕೊಟ್ರ್."

ನವ್ಯ ಕುರ್ಚಿಯಲ್ಲಿ ಕೂತು ನನ್ನನ್ನು ನೋಡಿ ನಗುತ್ತಿದ್ದಳು. ನನಗೆ ಖುಷಿಯಾಗಲಿ ಎಂದು ಹೇಳಿಕೊಟ್ಟದ್ದು. ಹಿಂದಿನ ವರ್ಷ ಅಭ್ಯಾಸದಲ್ಲಿ ನಾನು ಮಾಡುತ್ತಿದ್ದದ್ದನ್ನು ನೋಡಿ ನೆನಪಿಟ್ಟುಕೊಂಡಿದ್ದಳು. ಅವಳ ಕಾಲು ಮುರಿದದ್ದನ್ನೇ ಅವಳು ಸಣ್ಣ ಮಕ್ಕಳಿಗೆ ಕಲಿಸುತ್ತಾ ಕೂತಿದ್ದಾಳೆ ಎಂದು ಹೊಳೆದಾಗ ನನಗೆ ಏನಾಯಿತೋ ತಿಳಿಯದು. ಹಗ್ಗವನ್ನು ಆ ಹುಡುಗಿಯ ಕೈಯಿಂದ ಕಿತ್ತು ಬಿಸಾಡಿದೆ. "ನೆನ್ಸುಕಾಗ! ಯಾರೂ ನೆನ್ಸುಕಾಗ!" ಎಂದು ಕೂಗಿದೆ. ಹುಡುಗಿ ಅತ್ತಳು. ಉಮಾವತಿ ಟೀಚರ್ ಓಡಿ ಬಂದು, "ಹ್ವಾಯ್ ಗುಡ್ಡಣ್ಣ, ಎಂತಾಯ್ತ್ ನಿಮ್ಗೆ?" ಎಂದರು.

ಅಲ್ಲೇ ಹೇಳಿದೆ. ಹದಿನೈದು ದಿನ ಅಭ್ಯಾಸ ಮಾಡಿದ ಮಾತು ಯಾವುದೂ ಬರಲಿಲ್ಲ. "ಶಿರೂರಂಗೆ ಆ ಕಟ್ಟ್ ಕಟ್ಟಿದ್ದ್ ನಾನ್. ನೆನ್ಸಿ ಕಟ್ಟಿದೆ. ಬಿಸ್ಲಿಗೆ ಒಣ್ಗಿ ಜಾರ್ತ್. ನನ್ ಮಗ್ಳ್ ಅಲ್ಲ," ಎಂದೆ. ಅಷ್ಟೇ. ಇದನ್ನು ಹೇಳಲು ಹನ್ನೊಂದು ತಿಂಗಳು ಹಿಡಿಯಿತು, ಹೇಳಲು ಬೇಕಾದದ್ದು ಒಂದು ಉಸಿರು.

ನಾನು ಬಿಸಾಡಿದ ಹಗ್ಗವನ್ನು ಟೀಚರ್ ಹೆಕ್ಕಿಕೊಂಡರು. ಆಮೇಲೆ, "ಆ ಹೆಣ್ಣಿನ್ ಪಟ್ಟಿ ನಾನ್ ನನ್ ಕೈಯಾರೆ ಕತ್ರ್‌ಸಿದ್ದ್," ಎಂದು ಹೇಳಿ ಕೈ ಚಾಚಿದರು. ನನ್ನ ಕೊರಳಿನ ವಿಶಿಲ್ ಬಿಚ್ಚಿ ಅವರ ಕೈಯಲ್ಲಿ ಇಟ್ಟೆ.

ನವ್ಯ ನಗುವುದನ್ನು ಯಾವಾಗ ನಿಲ್ಲಿಸಿದಳೋ ನಾನು ನೋಡಲಿಲ್ಲ. ನಾನು ಗೇಟಿನ ಹತ್ತಿರ ಹೋದಾಗ ಹಿಂದಿನಿಂದ ಕೇಳಿದಳು, "ಹಾಂಗಾರೆ ರಮಿತಾ?" ಎಂದು. ಅವಳು ಕೇಳಿದ್ದು ಅದೊಂದೇ.

ಈಗ ಸರಸಕ್ಕನ ಮನೆಗೆ ಹೋಗಬೇಕು. ನವ್ಯ ಮನೆ ಮುಟ್ಟುವ ಮೊದಲು ನಾನು ಮುಟ್ಟಬೇಕು. ಅವಳು ನಿಧಾನ ನಡೆಯುತ್ತಾಳೆ, ಆ ಧೈರ್ಯದಲ್ಲಿ ಇಷ್ಟು ಬರೆದೆ. ಥೂ, ಏನು ಬರೆದೆ ನೋಡು. ಹೋಗುತ್ತೇನೆ.

ಅಪ್ಪಯ್ಯ


ಕೋಡಿ
1 ಡಿಸೆಂಬರ್ 2024

ಚಿ. ರಮಿತಾಳಿಗೆ,

ಸರಸಕ್ಕ ಅಂಗಳದಲ್ಲಿ ಕೂತು ಮೀನು ಕೊಯ್ಯುತ್ತಿದ್ದಳು. "ಬನ್ನಿ ಗುಡ್ಡಣ್ಣ, ಕೂಕಣಿ," ಎಂದು ಮಣೆ ತೋರಿಸಿದಳು. ನಾನು ನಿಂತೇ ಹೇಳಿದೆ. ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಮೀನಿನ ಕಿವಿರು ತೆಗೆದಳು, ಹೊಟ್ಟೆ ಸೀಳಿದಳು, ತೊಳೆದಳು. ಇನ್ನೊಂದು ಮೀನು ತೆಗೆದುಕೊಂಡಳು. ಕೇಳಿಸಲಿಲ್ಲವೋ ಏನೋ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಆಗ ಕತ್ತಿ ಕೆಳಗಿಟ್ಟಳು.

"ಹನ್ನೊಂದ್ ತಿಂಗ್ಳ್ ನಾನ್ ಆ ಹೆಣ್ಣಿಗ್ ಶಾಪ ಹಾಕಿದೆ ಗುಡ್ಡಣ್ಣ. ದಿನಾ ಬೆಳಿಗ್ಗೆ ದೇವ್ರಿಗ್ ದೀಪ ಹಚ್ಚುವತ್ತಿಗೆ, ಅವ್ಳ್ ಕೈ ಮುರ್ದ್ ಹೋಯ್ಲಿ ಅಂದೆ. ಈಗ ಅದನ್ನ ಹ್ಯಾಂಗ್ ವಾಪಾಸ್ ತಕಂಬುದ್? ನೀವೇ ಹೇಳಿ."

ಕೊಯ್ದ ಮೀನನ್ನು ಬದಿಗೆ ಸರಿಸಿದಳು.

"ನಿಮ್ಗ್ ಶಾಪ ಹಾಕುವಾ ಅಂದ್ರ್ ಬಾಯ್ ಬತ್ತಿಲ್ಲ. ನನ್ ಮಗ್ಳನ್ನ ಎತ್ಕಂಡ್ ಓಡಿದ್ದ್ ನೀವೇ ಅಲ್ದಾ? ಎಂತಕ್ಕ್ ಎತ್ಕಂಡ್ ಓಡ್ದರಿ? ಬಿಟ್ಟ್ ಹೋಯ್ಕಿತ್ತ್. ಆಗ ಒಂದ್ ಬದಿ ಆತಿತ್ತ್, ನಿಮ್ಗೇ ಶಾಪ ಹಾಕ್ಲಕ್ಕಿತ್ತ್." ಕಣ್ಣು ಒರೆಸಿಕೊಳ್ಳಲು ಹೋದಳು, ಕೈಯಲ್ಲಿ ಮೀನಿನ ರಕ್ತ, ಮೊಣಕೈಯಲ್ಲಿ ಒರೆಸಿಕೊಂಡಳು. "ಎದ್ದ್ ಹೋಯ್ನಿ," ಎಂದಳು. ನಾನು ಕೂತಿರಲೇ ಇಲ್ಲ. ಬಂದೆ.

ಮಂಗಳವಾರ ಶಾಲೆಯಲ್ಲಿ ಮೀಟಿಂಗು ಕರೆದರು. ಅದೇ ಬಾಗಿಲು, ಅದೇ ಗೋಡೆಬರಹ. ಈ ಸಲ ಮುಂದೆ ನಿಂತೆ. ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡು ಓದಿ ಹೇಳಿದರು, ಸಹಿ ಹಾಕಿದೆ. ನಿನ್ನ ಹೆಸರಿನ ಮುಂದೆ ಇದ್ದ ಸಾಲನ್ನು ಟೀಚರ್ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. ಶಾಲು ವಾಪಸು ಕೊಟ್ಟೆ, ಅದನ್ನು ಏನು ಮಾಡಬೇಕೆಂದು ಅವರಿಗೂ ಗೊತ್ತಾಗಲಿಲ್ಲ, ಮೇಜಿನ ಮೇಲೆ ಇಟ್ಟರು. ಇನ್ನು ಮುಂದೆ ನಾನು ಯಾವ ಕ್ಯಾಂಪಿಗೂ ಹೋಗುವಂತಿಲ್ಲ. ಅದು ಸರಿಯೇ. ಹೊರಗೆ ಬಂದಾಗ ಒಬ್ಬರು, "ಮುಗ್ದ್ ಹೋದ್ ಕತಿ ಮಾರಾಯ, ಈಗ ಎಂತಕ್ ಹೇಳುಕ್ ಹೋದ್ದ್?" ಎಂದು ಕೇಳಿದರು.

ನಿನ್ನ ಅಮ್ಮ ಎರಡು ದಿನ ಬಟ್ಟಲು ಇಟ್ಟಳು, ಅನ್ನ ಬಡಿಸಿದಳು, ಒಳಗೆ ಹೋದಳು. ಮೂರನೆಯ ದಿನ, "ಓದುಕಂದ್ಹೇಳಿ ಹೋಯ್ತ್ ಹೆಣ್ಣ್ ಅಂತ ನಾನ್ ಊರಿಡೀ ಹೆಮ್ಮಿ ಹೇಳ್ಕಂಡ್ ತಿರ್ಗಿದೆ. ಅದ್ ಹೋದ್ದ್ ನಿಮ್ ಮುಖ ಕಾಂಬುಕಾಗ ಅಂದ್ಹೇಳಿ," ಎಂದಳು.

ಹೇಳಿದ ಮೇಲೆ ಹಗುರ ಆಗುತ್ತದೆ ಎಂದು ಕೇಳಿದ್ದೆ. ಹಾಗೇನೂ ಆಗಿಲ್ಲ. ಜೋಮು ಬಿಡುವಾಗ ಚುಚ್ಚುತ್ತದಲ್ಲ, ಅದು ಮಾತ್ರ ಶುರುವಾಗಿದೆ. ನಾನು ನಿನ್ನ ಹತ್ತಿರ ಕ್ಷಮೆ ಕೇಳುವುದಿಲ್ಲ, ನೀನು ಕೊಡಬೇಕಾಗುತ್ತದೆ ಎಂದು ಹೆದರಿಕೆ. ನಾನು ಹೆದರಿದೆ ಮಗಳೇ. ಹದಿಮೂರು ವರ್ಷದ ನೀನು ಮುಂದೆ ನಿಂತಿದ್ದೆ, ನಲವತ್ತಾರು ವರ್ಷದ ನಾನು ಬಾಗಿಲ ಹತ್ತಿರ ನಿಂತಿದ್ದೆ.

ನಿನ್ನ ಹಾಸ್ಟೆಲಿನ ವಿಳಾಸವನ್ನು ನವ್ಯ ನಿನ್ನ ಅಮ್ಮನ ಹತ್ತಿರ ಕೇಳಿ ಬರೆದುಕೊಂಡು ಹೋದಳು.

ಅಪ್ಪಯ್ಯ


ಬ್ರಹ್ಮಾವರ
15 ಡಿಸೆಂಬರ್ 2024

ಅಪ್ಪಯ್ಯನಿಗೆ,

ನಿಮ್ಮ ಎರಡೂ ಕಾಗದ ಬಂತು. ನವ್ಯನದ್ದೂ ಬಂತು. ಅವಳ ಕಾಗದದಲ್ಲಿ ಒಂದೇ ಸಾಲು ಇದೆ. "ನೀನ್ ಎಂತಕ್ ಸುಳ್ ಹೇಳಿದ್ದ್?" ಕೆಳಗೆ ಅವಳ ಹೆಸರು.

ಅದಕ್ಕೆ ಉತ್ತರ ಬರೆಯಲು ಕೂತಾಗ ಗೊತ್ತಾಯಿತು, ನಿಮಗೂ ನಾನು ಅದನ್ನು ಹೇಳಿಲ್ಲ ಎಂದು. ನಿಮ್ಮನ್ನು ಉಳಿಸಲು ನಾನು ಸುಳ್ಳು ಹೇಳಿದೆ ಎಂದು ನೀವು ತಿಳಿದುಕೊಂಡಿದ್ದೀರಿ. ಹಾಗಲ್ಲ. ನಾನೇ ಕಟ್ಟಿದ್ದು ಎಂದು ನಾನು ಹೇಳಿದರೆ ನೀವು ತಕ್ಷಣ ಹಿಂದಿನಿಂದ, "ಅಲ್ಲ, ನಾನ್ ಕಟ್ಟಿದ್ದ್," ಅನ್ನುತ್ತೀರಿ ಎಂದುಕೊಂಡಿದ್ದೆ. ಅದು ನನಗೆ ಎಷ್ಟು ಖಂಡಿತ ಇತ್ತು ಎಂದರೆ ನಾನು ತಿರುಗಿಯೂ ನೋಡಲಿಲ್ಲ. ಮನಸ್ಸಿನಲ್ಲಿ ಎಣಿಸುತ್ತಾ ನಿಂತೆ, ಕಟ್ಟು ಸುತ್ತುವಾಗ ನೀವು ಎಣಿಸಲು ಕಲಿಸಿದ ಹಾಗೆ. ಒಂದು, ಎರಡು, ಮೂರು. ಎಂಟಕ್ಕೆ ಟೀಚರ್ ಕತ್ತರಿ ತೆಗೆದರು.

ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ ಎಂದುಕೊಂಡಿದ್ದೆ. ಬಿಟ್ಟಿರಲಿಲ್ಲ. ನಿಮ್ಮ ಕಾಗದ ಓದಿ ಆದ ಮೇಲೆ ನಿಂತಿತು.

ನನಗೆ ಖುಷಿಯಾಗಲಿಲ್ಲ. ಅಳು ಬಂತು, ತುಂಬಾ ಬಂತು. ರೂಮಿನವಳು ಯಾರು ಸತ್ತದ್ದು ಎಂದು ಕೇಳಿದಳು. ಯಾರೂ ಇಲ್ಲ ಎಂದು ಹೇಳಿ ಅವಳ ಹೊಸ ಬಕೆಟಿಗೆ ಹಗ್ಗ ಕಟ್ಟಿಕೊಟ್ಟೆ. ಒಣ ಹಗ್ಗವನ್ನೇ ಕಟ್ಟಿದೆ.

ಇಪ್ಪತ್ತನಾಲ್ಕಕ್ಕೆ ಎರಡು ದಿನ ಮನೆಗೆ ಬಿಡುತ್ತಾರೆ. ಕುಂದಾಪುರಕ್ಕೆ ಹತ್ತೂವರೆಗೆ ಬರುವ ಬಸ್ಸು. ನೀವು ಬಸ್‌ಸ್ಟ್ಯಾಂಡಿಗೆ ಬನ್ನಿ. ಮೊದಲು ಮನೆಗೆ ಬೇಡ, ನವ್ಯನ ಮನೆಗೆ ಹೋಗಬೇಕು. ನೀವು ನೆನೆಸಿ ಕಟ್ಟುವಾಗ ತುದಿ ಹಿಡಿದುಕೊಂಡವಳು ನಾನು. ಗುಟ್ಟು ಇಟ್ಟುಕೊಂಡವಳೂ ನಾನು. ಅದನ್ನು ಅವಳಿಗೂ ಅವಳ ಅಮ್ಮನಿಗೂ ನಾನೇ ಹೇಳಬೇಕು, ಅವರು ಏನು ಅಂದರೂ.

ನೀವು ನನ್ನ ಪಕ್ಕದಲ್ಲಿ ನಿಲ್ಲಿ. ಬಾಗಿಲ ಹತ್ತಿರ ಅಲ್ಲ, ಪಕ್ಕದಲ್ಲಿ. ನನ್ನನ್ನು ಬಿಡಿಸಲಿಕ್ಕೆ ಎಂದು ನಡುವೆ ಬಾಯಿ ಹಾಕಬೇಡಿ. ನಾನು ಹೇಳಿ ಮುಗಿಸುವವರೆಗೆ ಸುಮ್ಮನಿರಿ ಅಪ್ಪಯ್ಯ. ಹೇಗೂ ನಿಮಗೆ ಅಭ್ಯಾಸ ಉಂಟಲ್ಲ.

ನಿಮ್ಮ ಮಗಳು
ರಮಿತಾ